ಹಲಗೆಯ ಮೇಲೊಂದು ಅಂಗೈ

ಬೆಳಿಗ್ಗೆ ಎದ್ದವನೇ ಇಂದ್ರೇಶ ನಡುಮನೆಗೆ ಬಂದು ಪಿಯಾನೋದ ಮುಂದೆ ಕೂತ, ಆದರೆ ಮುಚ್ಚಳ ತೆಗೆಯಲಿಲ್ಲ. ತೆಗೆದರೆ ಬೆರಳು ಸುಮ್ಮನಿರುವುದಿಲ್ಲ, ಬೆರಳು ಆಡಿದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ, ಬೆಳಿಗ್ಗೆಯೇ ತಪ್ಪಿದರೆ ಮಧ್ಯಾಹ್ನ ಜನರ ಮುಂದೆ ಖಂಡಿತ ತಪ್ಪುತ್ತದೆ ಎಂದು ಅವನ ಎಣಿಕೆ. ಅಡಿಗೆಮನೆಯಲ್ಲಿ ಅವ್ವ ಕಮಲಾಕ್ಷಮ್ಮ ವಿಭೂತಿ ಗಟ್ಟಿ, ಬಿಲ್ವಪತ್ರೆ, ಹೊಸ ಪಂಚೆ ಎಲ್ಲವನ್ನೂ ಬುಟ್ಟಿಗೆ ಹೊಂದಿಸುತ್ತಿದ್ದಳು. ಅಪ್ಪ ಮರುಳಪ್ಪ ಸತ್ತು ಇವತ್ತಿಗೆ ವರ್ಷ. ಬಸ್ತಿಹಳ್ಳಿಯ ತೋಟದಲ್ಲಿ ಅಪ್ಪನ ಗದ್ದುಗೆಯ ಮುಂದೆ ಶಾಮಿಯಾನ ಹಾಕಿ ಆಗಿದೆ, ಮಠದ ಸ್ವಾಮಿಗಳು ಬರುತ್ತಾರೆ, ನೆಂಟರಿಷ್ಟರು ಬರುತ್ತಾರೆ, ಊಟಕ್ಕೆ ಮುಂಚೆ ಇಂದ್ರೇಶ ಅಪ್ಪನ ಪಿಯಾನೋದಲ್ಲಿ ಅಪ್ಪನ ಮೆಚ್ಚಿನ ಭಜನೆಯ ಮಟ್ಟನ್ನು ನುಡಿಸುತ್ತಾನೆ. ಹೀಗೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನು ಅವನೇ. ಐವತ್ತು ದಾಟಿದ ಕೊಬ್ಬರಿ ಮಂಡಿಯ ಸಾಹುಕಾರ ವಾರವಾರ ಅರಸೀಕೆರೆಯಿಂದ ಹಾಸನಕ್ಕೆ ಹೋಗಿ, ಕಾಲು ನೆಲಕ್ಕೆ ಎಟುಕದ ಮಕ್ಕಳ ಸಾಲಿನಲ್ಲಿ ಕೂತು, ಮರೆತ ಪಾಠವನ್ನು ಮತ್ತೆ ಹೇಳಿಸಿಕೊಂಡಿದ್ದ. ಮಗ ಅಂದರೆ ಹೀಗಿರಬೇಕು ಎಂದು ಜನ ಹೊಗಳಿದರು. ಹೊಗಳಿದಾಗಲೆಲ್ಲ ಅವನು ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಅಪ್ಪ ಬದುಕಿದ್ದಾಗ ಇದೇ ಮಟ್ಟನ್ನು ಬಾರಿಸು ಎಂದು ಬಾಯಿಬಿಟ್ಟು ಕೇಳಿದ್ದ, ಒಂದು ಸಲವಲ್ಲ ಎಷ್ಟೋ ಸಲ, ಮತ್ತು ಒಂದು ದಿನ ಬಿಟ್ಟರೆ ಇವನು ಬಾರಿಸಿರಲಿಲ್ಲ. ಇವತ್ತು ಬಾರಿಸಿಬಿಟ್ಟರೆ ಅದು ತೀರಿಹೋಗುತ್ತದೆ ಎಂದು ಅವನು ನಂಬಿಕೊಂಡಿದ್ದ. ನಂಬದಿದ್ದರೆ ಈ ವರ್ಷ ಕಳೆಯುವುದು ಕಷ್ಟವಿತ್ತು.

ಮುಚ್ಚಳದ ಕರಿ ಹಲಗೆಯಲ್ಲಿ ಅವನ ಮುಖ ಕಾಣುತ್ತಿತ್ತು, ಸ್ವಲ್ಪ ಅಗಲವಾಗಿ, ಸ್ವಲ್ಪ ಮುದಿಯಾಗಿ. ಬಸ್ತಿಹಳ್ಳಿಯ ಬಸದಿಯ ನುಣುಪು ಕಲ್ಲಿನ ಕಂಬಗಳಲ್ಲೂ ಮುಖ ಹೀಗೇ ಕಾಣುತ್ತದೆ. ಚಿಕ್ಕಂದಿನಲ್ಲಿ ತೋಟಕ್ಕೆ ಹೋದಾಗಲೆಲ್ಲ ಅಪ್ಪ ಅವನನ್ನು ಕಂಬದ ಮುಂದೆ ನಿಲ್ಲಿಸಿ, 'ನೋಡ್ಲಾ, ಒಳಗೊಬ್ಬ ಇಂದ್ರ ಅವ್ನೆ' ಎನ್ನುತ್ತಿದ್ದ. ಬಂದವರೆಲ್ಲ ಕಂಬವನ್ನು ನೋಡಿದರೆ ಅಪ್ಪ ಮಾತ್ರ ಬೆರಳ ಗೆಣ್ಣಿನಿಂದ ಅದನ್ನು ಮೆಲ್ಲಗೆ ತಟ್ಟಿ ಕೇಳುತ್ತಿದ್ದ. ಯಾವುದನ್ನಾದರೂ ನಂಬಬೇಕಾದರೆ ಅಪ್ಪನಿಗೆ ತಟ್ಟಿ ಕೇಳಬೇಕು, ಇಲ್ಲವೇ ಅಲ್ಲಾಡಿಸಿ ಕೇಳಬೇಕು. ಕಸುಬೇ ಅಂಥದು. ಅಟ್ಟದ ಮೇಲೆ ಹರಡಿದ ತೆಂಗಿನಕಾಯಿ ವರ್ಷ ಸಮೀಪಿಸುವವರೆಗೆ ಅಲ್ಲೇ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಲು ಇರುವುದು ಕಿವಿಯೊಂದೇ. ಹಸಿ ಕಾಯಿ ಕುಳುಕುಳು ಎನ್ನುತ್ತದೆ, ಆದ ಕಾಯಿ ಗಟಗಟ ಎನ್ನುತ್ತದೆ. ಈ ಎರಡರ ನಡುವೆ ಇನ್ನೂ ಬೇಕಾದಷ್ಟು ಸದ್ದುಗಳಿವೆ ಎಂದು ಅಪ್ಪ ಹೇಳುತ್ತಿದ್ದ. ಇಂದ್ರೇಶನಿಗೆ ಎರಡೇ ಕೇಳುತ್ತಿದ್ದವು. ರೈಲ್ವೆ ಜಂಕ್ಷನ್ನಿನ ಹಳೇ ಬಂಗಲೆಯೊಂದನ್ನು ಖಾಲಿ ಮಾಡಿ ಸಾಮಾನು ಹರಾಜು ಹಾಕಿದಾಗ ಮಂಚ ತರಲು ಹೋದ ಅಪ್ಪ ಈ ಪಿಯಾನೋ ಹೇರಿಸಿಕೊಂಡು ಬಂದದ್ದೂ ಹಾಗೆಯೇ, ಹಲಗೆ ತಟ್ಟಿ, ತಲೆ ವಾರೆ ಮಾಡಿ ಕೇಳಿ. 'ಒಳ್ಳೆ ಕಾಯಿ ಇದು' ಎಂದಿದ್ದನಂತೆ. ಪೇಟೆಯೆಲ್ಲ ನಕ್ಕಿತು. ನಕ್ಕರೆ ನಗಲಿ ಎಂದು ಮಗನನ್ನು ರೈಲ್ವೆ ಕ್ವಾರ್ಟರ್ಸಿನ ಗ್ರೇಸ್ ಟೀಚರ ಹತ್ತಿರ ಪಾಠಕ್ಕೆ ಹಾಕಿದ. ಸ್ಕೂಲಿನಲ್ಲಿ ಹುಡುಗರು 'ಬ್ಯಾಂಡ್‌ಸೆಟ್ಟು' ಎಂದು ಹೆಸರಿಟ್ಟ ಮೇಲೆ, ಎಸ್ಸೆಸ್ಸೆಲ್ಸಿಯ ನೆಪ ಹೇಳಿ ಇಂದ್ರೇಶ ಪಾಠ ಬಿಟ್ಟ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹಮಾಲಿಗಳನ್ನು ಕರೆದುಕೊಂಡು ರಾಮಣ್ಣ ಬಂದ. ಮಂಡಿಯಲ್ಲಿ ಚೀಲ ಎತ್ತಿ ಎತ್ತಿ ಬೆನ್ನು ಬಾಗಿದ ಆಳು. ಪಿಯಾನೋವನ್ನು ಒಂದು ಸುತ್ತು ಹಾಕಿ ನೋಡಿ, ಸೊಂಟದಿಂದ ಚೀಲದ ಕೊಕ್ಕೆ ತೆಗೆದ.

'ಯಜಮಾನ್ರೇ, ಇದ್ಕೆ ಕೊಕ್ಕೆ ಎಲ್ಲಿ ಹಾಕದು?'

'ಅಯ್ಯೋ, ಕೊಕ್ಕೆ ಗಿಕ್ಕೆ ಏನೂ ಬೇಡ ಮಾರಾಯ. ಕೈಯಲ್ಲೇ ಎತ್ತಿ. ಮಗು ಎತ್ತಿದಂಗೆ ಎತ್ತಬೇಕು.'

'ಈ ಪಾಟಿ ಮಗೀನ ಎತ್ತಿದ್ರೆ ನಮ್ ಸೊಂಟ ನೆಟ್ಟಗಿರ್ತದಾ?' ಎಂದು ರಾಮಣ್ಣ ಕೊಕ್ಕೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಹಮಾಲಿಗಳು ನಕ್ಕರು. ಇಂದ್ರೇಶನೂ ನಕ್ಕ, ನಗದಿದ್ದರೆ ಸಾಹುಕಾರನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ.

ಅಷ್ಟರಲ್ಲಿ ಅವ್ವ ಒಂದು ಬಟ್ಟಲು ಹಿಡಿದುಕೊಂಡು ಬಂದಳು. 'ತಡೀರಪ್ಪ, ಹೊಸ್ಲು ದಾಟೋಕೆ ಮುಂಚೆ ಒಂಚೂರು ಎಣ್ಣೆ ಒರೆಸಿಬಿಡ್ತೀನಿ.'

'ಬೇಡ ಅವ್ವ!' ಎಂದ ಇಂದ್ರೇಶ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಅವ್ವ ಬಟ್ಟಲು ಹಿಡಿದು ಹಾಗೇ ನಿಂತಳು. ತಪ್ಪು ಅವಳದಲ್ಲ. ಹಬ್ಬದ ಎಣ್ಣೆನೀರಿನ ದಿನ ಮನೆಮಂದಿಗೆಲ್ಲ ನೆತ್ತಿಗೆ ಕೊಬ್ಬರಿ ಎಣ್ಣೆ ಒತ್ತಿದ ಮೇಲೆ ಬಟ್ಟಲಲ್ಲಿ ಉಳಿದದ್ದು ಪಿಯಾನೋಗೆ ಎಂದು ಅಪ್ಪ ಪದ್ಧತಿ ಇಟ್ಟಿದ್ದ. ಮರ ಒಣಗಬಾರದು, ಕಬ್ಬಿಣ ತುಕ್ಕು ಹಿಡಿಯಬಾರದು, ಮನೆಯ ಎಣ್ಣೆ ಇರುವಾಗ ಇದೊಂದು ಯಾಕೆ ಬರಿ ಮೈಯಲ್ಲಿ ನಿಲ್ಲಬೇಕು. ಅವ್ವ ಹೊರಗಿನ ಹಲಗೆಗೆ ಒರೆಸುವಳು, ಅಪ್ಪ ಒಳಗೆ ತಂತಿ ಬಿಗಿದ ಮೊಳೆಗಳಿಗೆ ಬೆರಳ ತುದಿಯಿಂದ ಮುಟ್ಟಿಸುವನು, ಹುಡುಗ ಇಂದ್ರೇಶ ಕೀಗಳ ಸಂದಿಗೆ ಹನಿ ಬಿಡುವನು. ಮೂರು ಜನರ ಕೈಯೂ ಒಟ್ಟಿಗೆ ಆಡುತ್ತಿದ್ದ ಆ ಬೆಳಗುಗಳಲ್ಲಿ ಮನೆಯೆಲ್ಲ ಕೊಬ್ಬರಿಯ ವಾಸನೆ. ಹೋದ ತಿಂಗಳು ಮೈಸೂರಿನಿಂದ ಶ್ರುತಿ ಮಾಡಲು ಬಂದವನು ಮುಂದಿನ ಹಲಗೆ ಕಳಚಿ ಇಣುಕಿ, 'ಇದರೊಳಗೆ ಒಗ್ಗರಣೆ ಹಾಕ್ತೀರೇನ್ರೀ?' ಎಂದು ಕೇಳಿದ್ದ. ಎಣ್ಣೆ ಕುಡಿದ ಮೊಳೆ ತಂತಿಯನ್ನು ಹಿಡಿದುಕೊಳ್ಳುವುದಿಲ್ಲವಂತೆ. ಮೇಲಿನ ಸಣ್ಣ ತಂತಿಗಳು ಎಷ್ಟು ಬಿಗಿದರೂ ಜಾರುತ್ತವಂತೆ, ಕೆಳಗಿನ ದಪ್ಪ ತಂತಿಗಳು ಮಾತ್ರ ಹೇಗೋ ಉಳಿದುಕೊಂಡಿವೆಯಂತೆ. ಯಾರು ಹಚ್ಚಿದ್ದು ಎಂದು ಅವನು ಕೇಳಿದಾಗ, 'ನಮ್ಮ ತಂದೆ, ಹಳೇ ಕಾಲದವರು ನೋಡಿ' ಎಂದು ಇಂದ್ರೇಶ ಹಲ್ಲು ಕಿರಿದಿದ್ದ. ಸತ್ತವರ ಮೇಲೆ ತಪ್ಪು ಹಾಕುವುದು ಎಷ್ಟು ಸಲೀಸು ಎಂದು ಆ ಕ್ಷಣವೇ ಹೊಳೆದಿತ್ತು. ಹೊಳೆದರೂ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ.

ಅವ್ವ ಕಾರಿನಲ್ಲಿ ಮುಂದೆ ಹೋದಳು. ಇಂದ್ರೇಶ ಲಗೇಜ್ ಗಾಡಿಯ ಹಿಂದೆ, ಕೊಬ್ಬರಿ ಚೀಲಗಳನ್ನು ತಳಕ್ಕೂ ಪಕ್ಕಕ್ಕೂ ಒತ್ತಿ ನಿಲ್ಲಿಸಿದ ಪಿಯಾನೋದ ಜೊತೆ ಕೂತ. ಸಾಹುಕಾರರು ಹಿಂದೆ ಕೂರಬಾರದು ಎಂದು ಡ್ರೈವರ್ ಬೇಡಿಕೊಂಡರೂ ಕೇಳಲಿಲ್ಲ. ಪೇಟೆ ದಾಟುವಾಗ ಪರಿಚಯದ ಅಂಗಡಿಯವರು ಕೈ ಎತ್ತಿದರು, ಒಬ್ಬ ಫೋನಿನಲ್ಲಿ ಫೋಟೋ ಹೊಡೆದ. ಮಾಘದ ಬಿಸಿಲು, ಎರಡೂ ಕಡೆ ತೆಂಗು, ನಡುನಡುವೆ ಕೊಯ್ದ ರಾಗಿಯ ಹೊಲ. ಜಾವಗಲ್ಲಿನ ದಾರಿಯಲ್ಲಿ ಗಾಡಿ ಒಂದೊಂದು ಉಬ್ಬು ಹತ್ತಿ ಇಳಿದಾಗಲೂ ಪಿಯಾನೋದ ಒಳಗೆ ಎಲ್ಲ ತಂತಿಗಳೂ ಒಟ್ಟಿಗೆ ನರಳುತ್ತಿದ್ದವು. ಅದು ಕೇಳುವ ಮೊದಲೇ ಕೈಗೆ ತಿಳಿಯುತ್ತಿತ್ತು. ಬೀಳದಿರಲಿ ಎಂದು ಒತ್ತಿಟ್ಟ ಅವನ ಕೈಗೆ ಹಲಗೆಯ ನಡುಕ ಹತ್ತಿ ಮೊಣಕೈವರೆಗೂ ಏರುತ್ತಿತ್ತು.

ಅಪ್ಪ ಕೊನೆಕೊನೆಗೆ ಕಾಯಿಯನ್ನು ಕಿವಿಗೆ ಹಿಡಿಯುವುದು ಬಿಟ್ಟು ದವಡೆಯ ಮೂಳೆಗೆ ಒತ್ತಿಕೊಂಡು ಅಲ್ಲಾಡಿಸುತ್ತಿದ್ದ. ವಯಸ್ಸಾದವರಿಗೆ ಕಾಯಿಯ ಮೇಲೂ ಮುದ್ದು ಬರುತ್ತದೆ ಎಂದು ಇಂದ್ರೇಶ ಹೆಂಡತಿಯ ಹತ್ತಿರ ತಮಾಷೆ ಮಾಡಿದ್ದ. ಆಮೇಲೆ ಆ ದಿನ ಬಂತು. ಹೊರರಾಜ್ಯದ ಖರೀದಿದಾರ ಬಂದು ನಿಂತಿದ್ದ. ಆಗಿದೆ ಎಂದು ಅಪ್ಪ ಹೇಳಿದ ರಾಶಿಯನ್ನು ಒಡೆದರೆ ಒಂದರ ಹಿಂದೆ ಒಂದು ಹಸಿ, ಚಿಪ್ಪಿಗೆ ಅಂಟಿದ ಕೊಬ್ಬರಿ, ಚೆಲ್ಲಿದ ಹುಳಿ ನೀರು. ಖರೀದಿದಾರ ಮೂಗು ಮುಚ್ಚಿಕೊಂಡು ನಕ್ಕ. ಇಂದ್ರೇಶ ಏಣಿ ಹತ್ತಿ ಹೋದಾಗ ಅಪ್ಪ ಅಟ್ಟದ ಮೇಲೆ ಇನ್ನೊಂದು ಕಾಯಿಯನ್ನು ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅದನ್ನು ಅಪ್ಪನ ಕೈಯಿಂದ ಕಿತ್ತುಕೊಂಡ. 'ಸಾಕು, ಇಳಿಯಪ್ಪ ಕೆಳಗೆ. ಮಾನ ಕಳೆದಿದ್ದು ಸಾಕು. ಇನ್ಮೇಲೆ ನೀನು ಅಟ್ಟ ಹತ್ತಬೇಡ.' ರಾಮಣ್ಣ ಮತ್ತು ಆಳುಗಳು ಕೆಳಗೆ ತಲೆ ಎತ್ತಿ ನಿಂತಿದ್ದರು. ಅಪ್ಪ ಇಂದ್ರೇಶನ ಬಾಯನ್ನೇ ನೋಡುತ್ತಿದ್ದ, ಮಾತು ಮುಗಿದ ಮೇಲೂ ನೋಡುತ್ತಿದ್ದ. ಆಮೇಲೆ ಪಂಚೆ ಎತ್ತಿ ಕಟ್ಟಿ ಏಣಿಯಲ್ಲಿ ಹಿಮ್ಮುಖವಾಗಿ ಇಳಿದ. ಒಂದು ಮೆಟ್ಟಿಲು ಕಾಲಿಗೆ ಸಿಗದೆ ತಡಕಾಡಿದಾಗ ರಾಮಣ್ಣ ಆ ಕಾಲನ್ನು ಹಿಡಿದು ಮೆಟ್ಟಿಲ ಮೇಲೆ ಇಟ್ಟ. ಮಗ ಮೇಲೆ ನಿಂತು ನೋಡುತ್ತಿದ್ದ.

ಅಟ್ಟ ಹೋದ ಮೇಲೆ ಅಪ್ಪನಿಗೆ ಉಳಿದದ್ದು ನಡುಮನೆ. ಸಂಜೆ ಇಂದ್ರೇಶ ಮಂಡಿಯಿಂದ ಬರುವ ಹೊತ್ತಿಗೆ ಪಿಯಾನೋದ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. 'ಇಂದ್ರ, ಒಂಚೂರು ಬಾರ್ಸೋ. ಆ ಭಜನೇದು.' ಆ ಮಟ್ಟು ಅಪ್ಪ ಅಟ್ಟ ಹತ್ತುವಾಗ ಗುನುಗುತ್ತಿದ್ದದ್ದು, ಗ್ರೇಸ್ ಟೀಚರು ಹುಡುಗನ ಬಾಯಿಂದ ಕೇಳಿ ಬರೆದು ಕಲಿಸಿದ್ದು. ಒಂದು ದಿನ ಬೈದ ಪಾಪಕ್ಕೆಂದು ಕೂತು ಬಾರಿಸಿದ. ಅಪ್ಪ ಎದ್ದು ಬಂದು ಪಿಯಾನೋದ ಪಕ್ಕೆಯ ಹಲಗೆಯ ಮೇಲೆ ಅಂಗೈ ಅಗಲಿಸಿ ಇಟ್ಟ. ಅದೂ ಸಾಲದೆ ಕೆನ್ನೆಯನ್ನೂ ಇಟ್ಟು ಕಣ್ಣು ಮುಚ್ಚಿದ. ಬಾಗಿಲಲ್ಲಿ ಕಾಗದಕ್ಕೆ ರುಜು ಹಾಕಿಸಿಕೊಳ್ಳಲು ಬಂದ ಗುಮಾಸ್ತ ನಿಂತಿದ್ದ, ಅವನ ಮುಖದಲ್ಲಿ ತಡೆದುಕೊಂಡ ನಗು. ಇಂದ್ರೇಶನಿಗೆ ಮೈಯೆಲ್ಲ ಉರಿಯಿತು. 'ಅಪ್ಪ, ಕೈ ತೆಗಿ, ಸದ್ದು ಮಂಕಾಗುತ್ತೆ' ಎಂದ. ಕೇಳಿಸಲಿಲ್ಲವೆಂದು ಅಪ್ಪನ ಕೈಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ. ಅಪ್ಪ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತ. ಆಮೇಲಿಂದ ಕೇಳಿದಾಗಲೆಲ್ಲ ಇವನು, ಸುಸ್ತು, ನಾಳೆ, ಹಬ್ಬ ಕಳೀಲಿ ಎನ್ನುತ್ತಿದ್ದ. ಕಾಯಿಲೆ ಬಿದ್ದ ಮೇಲೆ ಅಪ್ಪ ಹಟ ಹಿಡಿದು ಹಾಸಿಗೆಯನ್ನು ನಡುಮನೆಗೆ ಹಾಕಿಸಿಕೊಂಡ, ತಲೆ ಪಿಯಾನೋಗೆ ತಗಲುವಂತೆ. ಮುದುಕರ ಹಟ ಎಂದುಕೊಂಡು ಇಂದ್ರೇಶ ಆ ಹಾಸಿಗೆಯ ಪಕ್ಕವೇ ಕೂತು ಟೀವಿಯಲ್ಲಿ ಕ್ರಿಕೆಟ್ ನೋಡಿದ.

ಹಳೇಬೀಡಿನ ಕೆರೆ ಕಂಡಿತು. ಬಸ್ತಿಹಳ್ಳಿಯ ತೋಟದ ದಾರಿಗೆ ತಿರುಗುವಲ್ಲೇ ಫ್ಲೆಕ್ಸ್ ಕಟ್ಟಿತ್ತು. 'ತಂದೆಗೆ ಮಗನ ಪಿಯಾನೋ ನಮನ.' ತಂಗಿಯ ಗಂಡ ಬಸವಕುಮಾರನ ಕೆಲಸ. ಮೂಲೆಯಲ್ಲಿ ಅಪ್ಪನ ಚಿಕ್ಕ ಫೋಟೋ, ನಡುವೆ ಇಂದ್ರೇಶನ ದೊಡ್ಡ ಮುಖ. ಅದರ ಕೆಳಗೆ ತಾನೇ ಸಾಮಾನಿನ ಗಾಡಿಯಲ್ಲಿ ಕೂತು ಹಾದುಹೋಗುವಾಗ ಇಂದ್ರೇಶ ಪಿಯಾನೋದ ಮರೆಗೆ ತಲೆ ತಗ್ಗಿಸಿದ.

'ಹೆಂಗಿದೆ ಭಾವ ಫ್ಲೆಕ್ಸು?' ಎಂದು ಬಸವಕುಮಾರ ಓಡಿಬಂದ.

'ಅಪ್ಪಂದು ದೊಡ್ಡದು ಹಾಕಬೇಕಿತ್ತು.'

'ಮಾವಂದು ಹಳೇ ಫೋಟೋ, ದೊಡ್ಡದು ಮಾಡಿದ್ರೆ ಒಡೆಯುತ್ತೆ ಅಂದ್ರು. ಇರ್ಲಿ ಬಿಡಿ, ಬಾರಿಸೋರು ನೀವಲ್ವಾ.'

ಹೌದು, ಬಾರಿಸುವವನು ನಾನು, ಎಂದುಕೊಂಡ ಇಂದ್ರೇಶ. ಹಮಾಲಿಗಳು ಉಸಿರು ಬಿಡುತ್ತ ಪಿಯಾನೋವನ್ನು ಗದ್ದುಗೆಯ ಪಕ್ಕ, ಹಾಸಿದ ಹಲಗೆಗಳ ಮೇಲೆ ಇಳಿಸಿದರು. ಬಿಳಿ ಸುಣ್ಣ ಬಳಿದ ಗದ್ದುಗೆ. ಅದರ ಒಳಗೆ ಅಪ್ಪ ಕೈಯಲ್ಲಿ ಲಿಂಗ ಹಿಡಿದು ಕೂತೇ ಇದ್ದಾನೆ, ಕೂರಿಸಿಯೇ ಮಣ್ಣು ಕೊಟ್ಟದ್ದು. ಕಾಲೇಜಿಗೆ ಹೋಗುವ ಮಗಳು ಸಿರಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ, 'ಅಪ್ಪಾ, ಸ್ವಲ್ಪ ಈ ಕಡೆ ತಿರುಗಿ ಕೂತ್ಕೊಳಿ, ತಾತನ ಗದ್ದುಗೇನೂ ಫ್ರೇಮಲ್ಲಿ ಬರ್ಲಿ' ಎಂದಳು. ಅವನು ತಿರುಗಿ ಕೂತ. ಸ್ವಾಮಿಗಳು ಬಂದರು, ಪಾದಪೂಜೆಯಾಯಿತು, ಗದ್ದುಗೆಗೆ ವಿಭೂತಿ ಬಳಿದು ಬಿಲ್ವಪತ್ರೆ ಏರಿಸಿದರು. ಅಡಿಗೆಯವರು ಹೋಳಿಗೆ ಬೇಯಿಸುವ ವಾಸನೆ ಹಬ್ಬಿ, ಹಿಂದಿನ ಸಾಲಿನವರು ಆಗಲೇ ಎಲೆ ಹಾಸುವ ಕಡೆ ನೋಡುತ್ತಿದ್ದರು. ಇಂದ್ರೇಶ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡ.

ಅವ್ವ ತನಗೆ ಮುಂದಿನ ಸಾಲಿನಲ್ಲಿ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಬಂದು ಪಿಯಾನೋದ ಮಗ್ಗುಲಲ್ಲಿ ಹಾಕಿ ಕೂತಳು. ಕೂತು, ಪಕ್ಕೆಯ ಹಲಗೆಯ ಮೇಲೆ ಅಂಗೈ ಇಟ್ಟಳು.

'ಅವ್ವ, ಕೈ ತೆಗಿ, ಸದ್ದು ಮಂಕಾಗುತ್ತೆ.' ಬಾಯಿಂದ ಬಿದ್ದ ಮೇಲೆ ಅದು ಹಳೇ ಮಾತೆಂದು ಅವನಿಗೆ ಗೊತ್ತಾಯಿತು.

ಅವ್ವ ಕೈ ತೆಗೆಯಲಿಲ್ಲ. 'ನಿಮ್ಮಪ್ಪ ಹಿಂಗೇ ಇಡ್ತಿದ್ರಲ್ಲ. ಹೆಂಗಿರ್ತೈತೆ ನೋಡಾನ ಅಂತ.'

'ಅಪ್ಪಂಗೆ ಅದೊಂದು ಚಟ.'

'ಚಟ ಅಲ್ಲ ಕಣೋ. ಅವ್ರಿಗೆ ಹಿಂಗಿಟ್ರೇನೇ ಗೊತ್ತಾಗ್ತಿದ್ದಿದ್ದು.' ಅವಳು ಗದ್ದುಗೆಯ ಕಡೆ ಒಮ್ಮೆ ನೋಡಿದಳು, ಅಲ್ಲಿಂದ ಒಪ್ಪಿಗೆ ಕೇಳುವವಳ ಹಾಗೆ. 'ಕಿವಿ ಹೋಗಿ ಎಷ್ಟೋ ಕಾಲ ಆಗಿತ್ತು. ಇಂದ್ರಂಗೆ ಹೇಳ್ಬ್ಯಾಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ರು. ಕಾಯಿ ಯಾಪಾರ ಮಾಡೋನಿಗೆ ಕಿವಿ ಹೋಯ್ತು ಅಂದ್ರೆ ಪ್ಯಾಟೇಲಿ ಯಾರು ಬೆಲೆ ಕೊಡ್ತಾರೆ ಅಂತಿದ್ರು. ವರ್ಷ ಆಯ್ತಲ್ಲ. ಇನ್ನೇನು ಮುಚ್ಚಿಡದು.'

'ನಂಗಾದ್ರೂ ಹೇಳಬಾರದಿತ್ತೇನವ್ವ?' ದನಿ ಮೈಕಿಗೆ ಸಿಕ್ಕೀತೆಂದು ಅವನು ಪಿಸುಗುಟ್ಟಿದ.

'ಅಟ್ಟದಿಂದ ಇಳಿಸಿದ್ಯಲ್ಲ, ಅವತ್ತು ಹೇಳಾನ ಅಂತಿದ್ದೆ. ಅವ್ರೇ ಬ್ಯಾಡ ಅಂದ್ರು. ಅವ್ನು ಬೈದಿದ್ದು ನಂಗೆ ಕೇಳ್ಸೇ ಇಲ್ಲ ಬಿಡು ಅಂತ ನಕ್ಕುಬಿಟ್ರು.'

ಮೈಕಿನಲ್ಲಿ ಬಸವಕುಮಾರ ಇಂದ್ರೇಶನ ಹೆಸರು ಕೂಗುತ್ತಿದ್ದ. ಪಿತೃಭಕ್ತಿ ಎಂಬ ಮಾತು ಬಂತು, ಚಪ್ಪಾಳೆ ಬಂತು. ಬಾಯನ್ನೇ ನೋಡುತ್ತಿದ್ದ ಅಪ್ಪ. ಮಾತು ಮುಗಿದ ಮೇಲೂ ನೋಡುತ್ತಿದ್ದದ್ದು, ಇನ್ನೂ ಏನಾದರೂ ಇದೆಯೋ ಎಂದು. ದವಡೆಗೆ ಒತ್ತಿದ ಕಾಯಿ, ಹಲಗೆಗೆ ಒತ್ತಿದ ಕೆನ್ನೆ, ಪಿಯಾನೋಗೆ ತಲೆ ಕೊಟ್ಟು ಹಾಕಿಸಿಕೊಂಡ ಹಾಸಿಗೆ. ಎಲ್ಲವೂ ಇವನ ಕಣ್ಣೆದುರಿಗೇ ಇದ್ದವು. ಇಂದ್ರೇಶ ಮುಚ್ಚಳ ತೆಗೆದ. ಅದರಲ್ಲಿದ್ದ ಅವನ ಮುಖ ಜಾರಿ ಮೇಲಕ್ಕೆ ಹೋಗಿ ಇಲ್ಲವಾಯಿತು. ವರ್ಷವಿಡೀ ತಿದ್ದಿದ ಮಟ್ಟನ್ನು ಬಲಗೈ ತಾನಾಗಿಯೇ ಶುರು ಮಾಡಿತು, ಮೇಲಿನ ಸಣ್ಣ ಸ್ವರಗಳಲ್ಲಿ, ನಾಜೂಕಾಗಿ. ಎಣ್ಣೆ ಕುಡಿದ ಮೊಳೆಗಳು ಗಾಡಿಯ ಕುಲುಕಾಟಕ್ಕೆ ಇನ್ನಷ್ಟು ಜಾರಿದ್ದವು. ಒಂದೆರಡು ಸ್ವರ ಸೊಟ್ಟಗೆ ಬಂದವು, ಸ್ವಾಮಿಗಳ ಹುಬ್ಬು ಸಣ್ಣಗೆ ಗಂಟಾಯಿತು. ಅದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ. ಈ ನಾಜೂಕಿನಲ್ಲಿ ಒಂದು ಹನಿಯೂ ಅಪ್ಪನಿಗೆ ತಲುಪುತ್ತಿರಲಿಲ್ಲ ಎಂಬುದೊಂದೇ ತಲೆಯಲ್ಲಿ. ಹಾಸನದ ಪಾಠವೆಲ್ಲ ಯಾರಿಗೆ? ಶಾಮಿಯಾನದ ಕೆಳಗೆ ಕೂತ ಇವರಿಗೆ. ಅವನು ಅವ್ವನ ಕೈಯನ್ನು ನೋಡಿದ. ಉಬ್ಬಿದ ನರಗಳ, ವಿಭೂತಿ ಮೆತ್ತಿದ ಆ ಕೈ ಹಲಗೆಯ ಮೇಲೆ ಕಾಯುತ್ತಿತ್ತು, ನಡುಕವೇನೂ ಸಿಗದೆ.

ಬಲಗೈ ಅರ್ಧಕ್ಕೇ ನಿಂತಿತು. ಇಂದ್ರೇಶ ಸ್ಟೂಲಿನ ಮೇಲೆ ಎಡಕ್ಕೆ ಜರುಗಿ, ಎಲ್ಲಕ್ಕಿಂತ ಕೆಳಗಿನ ಕೀಗಳನ್ನು ಎರಡು ಕೈಯಿಂದಲೂ ಒತ್ತಿದ, ಹಿಟ್ಟು ನಾದುವಂತೆ ಮೈಭಾರ ಬಿಟ್ಟು. ದಪ್ಪ ತಂತಿಗಳು ಗುಮ್ಮೆಂದವು. ಅದು ಪೂರ್ತಿ ಆರುವವರೆಗೆ ಬಿಟ್ಟು ಮತ್ತೆ ಒತ್ತಿದ. ಮಟ್ಟು ಎಂದು ಅದನ್ನು ಯಾರೂ ಕರೆಯಲಾರರು, ಆದರೆ ಮಟ್ಟಿನ ತೂಕ ಬೀಳುವ ಜಾಗಗಳಲ್ಲೇ ಅವನು ಒತ್ತುತ್ತಿದ್ದ, ಅಪ್ಪ ಏಣಿಯ ಮೇಲೆ ಹೆಜ್ಜೆ ಇಡುತ್ತಿದ್ದ ಜಾಗಗಳಲ್ಲಿ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಮರೆತುಹೋಯಿತೇನೋ ಎಂದು ಯಾರೋ ಹೆಂಗಸು ಮರುಗಿದಳು. ಸಿರಿ ಕಣ್ಣು ತಗ್ಗಿಸಿ ಫೋನನ್ನು ಸ್ಟ್ಯಾಂಡಿನಿಂದ ತೆಗೆದಳು. ಬಸವಕುಮಾರ ಹಿಂದಿನಿಂದ ಬಗ್ಗಿ, 'ಭಾವ, ಏನಾಯ್ತು? ಬೇಕಾದ್ರೆ ನಿಲ್ಲಿಸಿಬಿಡಿ, ಊಟಕ್ಕೆ ಎಬ್ಬಿಸ್ತೀನಿ' ಎಂದ. ಇಂದ್ರೇಶ ತಲೆ ಅಲ್ಲಾಡಿಸಿದ. ಇದಾದರೂ ಅಪ್ಪನಿಗೋ, ಅಥವಾ ಹೀಗೆ ಎಲ್ಲರ ಮುಂದೆ ಕೆಟ್ಟು ಕೂತರೆ ಮನಸ್ಸು ಹಗುರಾದೀತೆಂಬ ಇನ್ನೊಂದು ಆಟವೋ ಎಂದು ಅನುಮಾನ ಬಂತು. ಅನುಮಾನ ಹೋಗಲಿಲ್ಲ. ಕೈ ನಿಲ್ಲಲೂ ಇಲ್ಲ.

'ಕೈಗೆ ಬತ್ತಾ ಐತೆ' ಎಂದಳು ಅವ್ವ. ತನಗೇ ಹೇಳಿಕೊಂಡಂತೆ. ಅವಳ ಬೆರಳುಗಳು ಹಲಗೆಯ ಮೇಲೆ ಅಗಲವಾದವು. ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿ ಕೂತಿದ್ದು, ಆಮೇಲೆ ಕಣ್ಣು ಬಿಟ್ಟು ಮಗನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೊಂದೇ ಇತ್ತು.

'ಇಷ್ಟೇನಾ ಇಂದ್ರ? ಇಷ್ಟಕ್ಕೆ ಕಲಿಯೋದೇನೂ ಇರ್ಲಿಲ್ವಲ್ಲೋ. ಅವತ್ತೇ ಬಾರ್ಸಬೋದಿತ್ತು.'

ಆಚೆ ಎಲೆ ಹಾಸತೊಡಗಿದ್ದರು, ನೀರು ಚಿಮುಕಿಸುತ್ತಿದ್ದರು, ಹಿಂದಿನ ಸಾಲಿನವರು ಎದ್ದರು. ಇಂದ್ರೇಶ ಕೊಟ್ಟಕೊನೆಯ ಕೀಯನ್ನು ಮತ್ತೆ ಒತ್ತಿದ. ಅವ್ವ ಕೈ ತೆಗೆಯಲಿಲ್ಲ.